ಬೆಂಗಳೂರಿನಲ್ಲಿ ಭಾಭಾ

ಹೋಮಿ ಜಹಾಂಗೀರ್ ಭಾಭಾ ಎಂದೊಡನೆ ಎಲ್ಲರಿಗೂ ನೆನಪಾಗುವುದು ಟ್ರಾಂಬೆಯ ಅಣುಶಕ್ತಿ ಕೇಂದ್ರ. ನನಗೆ ಪ್ರಿಯರಾದವರು ಅದಕ್ಕೂ ಹಿಂದಿನ ಭಾಭಾ. ಸೋಂಪುರದಿಂದ ತುಮಕೂರು ರಸ್ತೆ ಹಿಡಿದು ಬೆಂಗಳೂರಿಗೆ ಹೋದರೆ, ಯಶವಂತಪುರದ ಬಳಿ, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ವಿಜ್ಞಾನ ಮಂದಿರವಿದೆ. ಎಲೆಕ್ಟ್ರಾನಿನಂಥ ಕಣಗಳಿಗೆ ವಿದ್ಯುತ್ತು, ಕಾಂತತ್ವ, ಗಿರಕಿ ಇವೆಲ್ಲ ಅಂಟಿಕೊಂಡಿರುವುದರ ಮರ್ಮವನ್ನು ಅವರು ಅಲ್ಲಿ ಕುಳಿತು ಬಗೆಯುತ್ತಿದ್ದರು. ನಾನು ಬಿ.ಎ. ವಿದ್ಯಾರ್ಥಿ, ವಿಜ್ಞಾನದ ಅಧ್ಯಾಪಕರು ಈ ಸಾಹಸವನ್ನು ಮನ್ನಿಸಬೇಕು.

ಅವರು ಹುಟ್ಟಿದ್ದು 1909ರಲ್ಲಿ, ಮುಂಬಯಿಯಲ್ಲಿ. ಮಗ ಎಂಜಿನಿಯರಾಗಿ ಟಾಟಾ ಕಾರ್ಖಾನೆ ಸೇರಲೆಂಬುದು ತಂದೆಯ ಬಯಕೆ. ಮಗನ ಮನಸ್ಸೆಲ್ಲ ಗಣಿತ, ಭೌತವಿಜ್ಞಾನಗಳಲ್ಲಿ. ಎಂಜಿನಿಯರಿಂಗಿನಲ್ಲಿ ಮೊದಲ ದರ್ಜೆ ಬಂದರೆ ಮುಂದೆ ಗಣಿತ ಓದಿಸುವುದೆಂದು ಒಪ್ಪಂದವಾಯಿತು. 1930ರಲ್ಲಿ, ಕೇಂಬ್ರಿಜ್ಜಿನಲ್ಲಿ, ಮೊದಲ ದರ್ಜೆ ಬಂದೇ ಬಂತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಈ ಓದಿನಿಂದ ಯಾವ ಕೆಲಸ ಸಿಕ್ಕೀತೆಂಬ ಪ್ರಶ್ನೆ ನನಗೂ ಪರಿಚಿತವೇ. ಆದರೆ ಭಾಭಾ ಅವರಿಗೆ, ಸೋತರೂ, ಒಂದು ಕಾರ್ಖಾನೆ ಕಾದಿತ್ತು. ಈ ಅಂತರವನ್ನು ಮರೆಯಲಾರೆ.

ಆಗ ಕೇಂಬ್ರಿಜ್ಜಿನಲ್ಲಿ ಡಿರಾಕ್ ಇದ್ದರು. ಎಲೆಕ್ಟ್ರಾನನ್ನು ತಿರುಗುವ ಪುಟ್ಟ ಬುಗುರಿಯೆಂದು ಭಾವಿಸಿದರೆ ಲೆಕ್ಕ ಕೆಡುತ್ತದೆ. ಅದರ ಮೈ ಬೆಳಕಿಗಿಂತ ವೇಗವಾಗಿ ಸುತ್ತಬೇಕಾಗುತ್ತದೆ. ಡಿರಾಕ್ 1928ರಲ್ಲಿ ಸಾಪೇಕ್ಷತೆಯನ್ನೂ ಕ್ವಾಂಟಂ ನಿಯಮವನ್ನೂ ಒಂದೇ ಸಮೀಕರಣದಲ್ಲಿ ಕೂಡಿಸಿದರು. ಗಿರಕಿಯೂ ಅದರ ಕಾಂತತ್ವವೂ ಕೇಳದೆಯೇ ಅದರಿಂದ ಹೊರಬಂದವು. ಧನ ವಿದ್ಯುತ್ತಿನ ಎಲೆಕ್ಟ್ರಾನು, ಎಂದರೆ ಪಾಸಿಟ್ರಾನು, ಉಂಟೆಂಬ ಸೂಚನೆಯೂ ಬಂತು. ಎಲೆಕ್ಟ್ರಾನು ಪಾಸಿಟ್ರಾನುಗಳು ಎದುರಾದರೆ ಹೇಗೆ ಚದರುತ್ತವೆಂದು ಭಾಭಾ ಲೆಕ್ಕ ಹಾಕಿ ಹೆಸರಾದರು.

1939ರಲ್ಲಿ ರಜೆಗೆ ಬಂದವರನ್ನು ಯುದ್ಧ ಇಲ್ಲಿಯೇ ನಿಲ್ಲಿಸಿತು. ರಾಮನ್ ಅವರಿದ್ದ ಬೆಂಗಳೂರಿನ ಸಂಸ್ಥೆಯಲ್ಲಿ ರೀಡರಾದರು. ವಿದ್ಯುತ್ತೂ ಗಿರಕಿಯೂ ಉಳ್ಳ ಕಣವು ವಿದ್ಯುತ್ಕಾಂತ ಕ್ಷೇತ್ರದಲ್ಲಿ ಹೇಗೆ ಚಲಿಸುತ್ತದೆಂಬ ಸಿದ್ಧಾಂತವನ್ನು 1941ರಲ್ಲಿ ಕಾರ್ಬೆನ್ ಎಂಬುವರೊಡನೆ ಪ್ರಕಟಿಸಿದರು. ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು. 1945ರಲ್ಲಿ, ಯಾವ ಗಿರಕಿಯ ಕಣಕ್ಕಾದರೂ ಹೊಂದುವ ಸಮೀಕರಣಗಳ ಕಡೆಗೆ ಹೊರಳಿದರು. ಅವರ ಬಳಿ ದುಡಿದ ತರುಣ ಹರೀಶ್ಚಂದ್ರ ಮುಂದೆ ಡಿರಾಕರ ಶಿಷ್ಯನಾಗಿ, ಜಗದ್ವಿಖ್ಯಾತ ಗಣಿತಜ್ಞನಾದ.

ಇಷ್ಟಾದರೂ ಏಕೆ ಎಂಬ ಪ್ರಶ್ನೆ ಪೂರ್ತಿ ತೀರಲಿಲ್ಲ. ವಿದ್ಯುತ್ತೇ ಇಲ್ಲದ ನ್ಯೂಟ್ರಾನಿಗೆ ಕಾಂತತ್ವ ಎಲ್ಲಿಯದು? ಅದರೊಳಗೆ ವಿದ್ಯುತ್ತುಳ್ಳ ಕ್ವಾರ್ಕುಗಳಿವೆಯೆಂದು ಆಮೇಲೆ ತಿಳಿಯಿತು; ಕ್ವಾರ್ಕಿನ ಕಲ್ಪನೆ ಹುಟ್ಟಿದ್ದೇ 1964ರಲ್ಲಿ. ಎಲೆಕ್ಟ್ರಾನಿನ ಋಣವೂ ಪ್ರೋಟಾನಿನ ಧನವೂ ತೂಗಿ ಇಟ್ಟಂತೆ ಸರಿಸಮವಾಗಿರುವುದೇಕೆ? ಇದು ಇಂದಿಗೂ ಬಿಡಿಸದ ಗಂಟು.

1945ರಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾದ ಟಾಟಾ ಮೂಲವಿಜ್ಞಾನ ಸಂಸ್ಥೆ ವರ್ಷ ತುಂಬುವ ಮೊದಲೇ ಮುಂಬಯಿಗೆ ಹೋಯಿತು. ಅದರೊಡನೆ ಭಾಭಾ ಅವರೂ ಹೋದರು. ಅಲ್ಲಿಂದಾಚೆ ಆಡಳಿತದ ಭಾರ ಏರಿತು, ಸಮೀಕರಣಗಳು ಹಿಂದೆ ಸರಿದವು. ದೇಶಕ್ಕೆ ಅದು ಲಾಭವೇ ಇರಬಹುದು. ನನಗೆ ಮಾತ್ರ ಕೊಂಚ ಕಸಿವಿಸಿ. 1966ರ ಜನವರಿ 24ರಂದು ಮೌಂಟ್ ಬ್ಲಾಂಕ್ ಪರ್ವತಕ್ಕೆ ಬಡಿದ ವಿಮಾನದಲ್ಲಿ ಅವರು ಮಡಿದರು. ಎಲೆಕ್ಟ್ರಾನು ಪಾಸಿಟ್ರಾನುಗಳನ್ನು ಡಿಕ್ಕಿ ಹೊಡೆಸುವ ಯಂತ್ರಗಳಲ್ಲಿ, ಡಿಕ್ಕಿಗಳ ಪ್ರಮಾಣವನ್ನು ಅಳೆಯಲು, ಅವರ ಹೆಸರಿನ ಆ ಚದರಿಕೆಯ ಲೆಕ್ಕವನ್ನೇ ಈಗಲೂ ಬಳಸುತ್ತಾರೆ.