ನಿಂಬೆಹಣ್ಣಿನ ಹೆಸರಿನ ಸಾಹಸಿ: ಆಂದ್ರೇ ಸಿಟ್ರೊಯೆನ್

ಯುರೋಪಿನ ಹಳೆಯ ಕಾರುಗಳ ಮಾರಾಟದಲ್ಲಿ ಇಂದಿಗೂ ಆಗಾಗ ಒಂದು ಕಪ್ಪು ಕಾರು ಬಂದು ನಿಲ್ಲುತ್ತದೆ. ನೆಲಕ್ಕೆ ತಗ್ಗಿದ ಮೈ, ಉದ್ದನೆಯ ಮೂತಿ, ಮುಂಭಾಗದ ಜಾಲರಿಯ ಮೇಲೆ ಒಂದರ ಮೇಲೊಂದು ಕೂರಿಸಿದ ಎರಡು ಬಾಣದ ತುದಿಗಳು. ಬಲ್ಲ ಗಿರಾಕಿಗಳು ಬಣ್ಣದ ಹೊಳಪಿಗೆ ಮರುಳಾಗುವುದಿಲ್ಲ. ಮಂಡಿಯೂರಿ ಕುಳಿತು ಬಾಗಿಲುಗಳ ಕೆಳಗಿನ ಅಂಚಿಗೂ ನೆಲದ ತಗಡಿಗೂ ತುಕ್ಕು ಹಿಡಿದಿದೆಯೇ ಎಂದು ಪರೀಕ್ಷಿಸುತ್ತಾರೆ. ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಮೈಯೇ ಅದರ ಬೆನ್ನೆಲುಬು. ಅಲ್ಲಿ ತುಕ್ಕು ಹೊಕ್ಕರೆ ಕಾರು ಕೆಟ್ಟಿತೆಂದೇ ಅರ್ಥ.

ಇದು ಸಿಟ್ರೊಯೆನ್ ಕಂಪನಿಯ ಟ್ರಾಕ್ಸಿಯೋನ್ ಅವಾಂ. ಮುಂದಿನ ಚಕ್ರಗಳಿಂದ ಎಳೆಯಲ್ಪಡುವುದು ಎಂಬುದು ಈ ಫ್ರೆಂಚ್ ಹೆಸರಿನ ಭಾವಾರ್ಥ. ಸುಸ್ಥಿತಿಯಲ್ಲಿರುವ ಒಂದು ಕಾರಿಗಾಗಿ ಸಂಗ್ರಾಹಕರು ಇಂದು ಪೈಪೋಟಿ ನಡೆಸುತ್ತಾರೆ. ಆದರೆ ಅದನ್ನು ರಸ್ತೆಗಿಳಿಸಿದ ವ್ಯಕ್ತಿ ಅದಕ್ಕಾಗಿ ತನ್ನ ಕಾರ್ಖಾನೆಯನ್ನು, ಸಂಪತ್ತನ್ನು ಕಳೆದುಕೊಂಡ.

ಆಂದ್ರೇ ಸಿಟ್ರೊಯೆನ್ ಹುಟ್ಟಿದ್ದು 1878ರ ಫೆಬ್ರವರಿ 5ರಂದು, ಪ್ಯಾರಿಸಿನಲ್ಲಿ. ತಂದೆ ಹಾಲೆಂಡಿನಿಂದ ಬಂದ ಯಹೂದಿ ವಜ್ರ ವ್ಯಾಪಾರಿ, ತಾಯಿ ಪೋಲೆಂಡಿನವಳು. ಹಾಲೆಂಡಿನಲ್ಲಿ ಈ ಮನೆತನದ ಹಿರಿಯರೊಬ್ಬರು ನಿಂಬೆಹಣ್ಣು ಮಾರುತ್ತಿದ್ದರು. ಅದರಿಂದಲೇ ಕುಟುಂಬಕ್ಕೆ ಹೆಸರು ಬಂತು. ಡಚ್ ಭಾಷೆಯಲ್ಲಿ ಸಿಟ್ರೊಯೆನ್ ಎಂದರೆ ನಿಂಬೆಹಣ್ಣು. ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜಿಸುವ ನಮ್ಮವರಿಗೆ ಈ ಹೆಸರು ಪರಕೀಯವೆನಿಸಲಾರದು.

ಬಾಲ್ಯ ಸುಖದ್ದಾಗಿರಲಿಲ್ಲ. ವ್ಯಾಪಾರದಲ್ಲಿ ನಷ್ಟಕ್ಕೊಳಗಾದ ತಂದೆ 1884ರಲ್ಲಿ ಆತ್ಮಹತ್ಯೆ ಮಾಡಿಕೊಂಡಾಗ ಆಂದ್ರೇಗೆ ಆರು ವರ್ಷ. ಸಾಲ ಮತ್ತು ಸಾಹಸದ ನಡುವಿನ ಗೆರೆ ಎಷ್ಟು ತೆಳುವೆಂಬುದನ್ನು ಆ ಮನೆ ಅಷ್ಟು ಬೇಗ ಕಂಡಿತ್ತು. ಮಗ ಮಾತ್ರ ಅದರಿಂದ ಎಚ್ಚರಿಕೆಯ ಪಾಠ ಕಲಿತಂತೆ ತೋರುವುದಿಲ್ಲ.

ಪ್ಯಾರಿಸಿನ ಪ್ರತಿಷ್ಠಿತ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಎಂಜಿನಿಯರಿಂಗ್ ಓದಿದ ಆತ 1900ರಲ್ಲಿ ತಾಯಿಯ ನಾಡಾದ ಪೋಲೆಂಡಿಗೆ ಹೋದ. ಅಲ್ಲಿ ಕಣ್ಣಿಗೆ ಬಿದ್ದದ್ದು ಬಾಣದ ತುದಿಯಂತೆ ಹಲ್ಲುಗಳನ್ನು ಕೊರೆದ ಗಿಯರ್ ಚಕ್ರಗಳು. ಸಾಮಾನ್ಯ ಗಿಯರ್‌ಗಳಿಗಿಂತ ಇವು ಸದ್ದಿಲ್ಲದೆ, ನಯವಾಗಿ ತಿರುಗುತ್ತಿದ್ದವು. ಅದರ ಪೇಟೆಂಟ್ ಹಕ್ಕನ್ನು ಕೊಂಡು ಪ್ಯಾರಿಸಿನಲ್ಲಿ ಗಿಯರ್ ತಯಾರಿಕೆ ಆರಂಭಿಸಿದ. ಕಾರಿನ ಮೂತಿಯ ಮೇಲಿನ ಜೋಡಿ ಬಾಣಗಳು ಆ ಹಲ್ಲುಗಳದೇ ಗುರುತು.

ಮೊದಲ ಮಹಾಯುದ್ಧ ಆತನನ್ನು ದೊಡ್ಡ ಉದ್ಯಮಿಯಾಗಿಸಿತು. ಫ್ರೆಂಚ್ ಸೇನೆಗೆ ಫಿರಂಗಿ ಗುಂಡುಗಳ ತೀವ್ರ ಅಭಾವವಿತ್ತು. 1915ರಲ್ಲಿ ಸೀನ್ ನದಿಯ ದಂಡೆಯ ಜಾವೆಲ್‌ನಲ್ಲಿ ಕೆಲವೇ ತಿಂಗಳುಗಳಲ್ಲಿ ಕಾರ್ಖಾನೆ ಎದ್ದಿತು. ಯುದ್ಧ ಮುಗಿಯುವ ಹೊತ್ತಿಗೆ ಎರಡು ಕೋಟಿಗೂ ಅಧಿಕ ಗುಂಡುಗಳು ಅಲ್ಲಿಂದ ಹೊರಬಿದ್ದಿದ್ದವು. ದುಡಿದವರಲ್ಲಿ ಹೆಂಗಸರೇ ಹೆಚ್ಚು. ಅವರಿಗಾಗಿ ಊಟದ ಮನೆ, ಚಿಕಿತ್ಸಾಲಯ, ಶಿಶುವಿಹಾರಗಳಿದ್ದವು.

ಯುದ್ಧ ನಿಂತ ಮೇಲೆ ಇಷ್ಟು ದೊಡ್ಡ ಕಾರ್ಖಾನೆಯನ್ನು ಏನು ಮಾಡುವುದು? ಅಮೆರಿಕಕ್ಕೆ ಹೋಗಿ ಹೆನ್ರಿ ಫೋರ್ಡ್‌ನ ವಿಧಾನವನ್ನು ಮೊದಲೇ ಕಂಡಿದ್ದ ಸಿಟ್ರೊಯೆನ್ ಬಳಿ ಉತ್ತರ ಸಿದ್ಧವಿತ್ತು. 1919ರಲ್ಲಿ ಟೈಪ್ ಎ ಕಾರು ಬಂತು. ಅಂದಿನ ಅನೇಕ ತಯಾರಕರು ಎಂಜಿನ್ ಮತ್ತು ಚಾಸಿಸ್ ಮಾತ್ರ ಮಾರುತ್ತಿದ್ದ ಕಾಲದಲ್ಲಿ ದೀಪ, ವಿದ್ಯುತ್ ಸ್ಟಾರ್ಟರ್, ಹೆಚ್ಚುವರಿ ಚಕ್ರ ಎಲ್ಲವೂ ಇದ್ದ, ಕೊಂಡವನು ನೇರವಾಗಿ ಓಡಿಸಿಕೊಂಡು ಹೋಗಬಹುದಾದ ಕಾರು ಅದು.

ಪ್ರಚಾರದಲ್ಲಿ ಆತನನ್ನು ಮೀರಿಸುವವರಿರಲಿಲ್ಲ. 1922ರಲ್ಲಿ ವಿಮಾನದ ಹೊಗೆಯಿಂದ ಪ್ಯಾರಿಸಿನ ಆಗಸದಲ್ಲಿ ತನ್ನ ಹೆಸರು ಬರೆಸಿದ. 1925ರಿಂದ 1934ರವರೆಗೆ ಐಫೆಲ್ ಗೋಪುರದ ಮೇಲೆ ಎರಡೂವರೆ ಲಕ್ಷ ಬಲ್ಬುಗಳಲ್ಲಿ ಅದೇ ಹೆಸರು ಬೆಳಗಿತು. ಮಕ್ಕಳಿಗಾಗಿ ಆಟಿಕೆ ಕಾರುಗಳನ್ನೂ ಮಾಡಿಸಿದ. 1920ರ ದಶಕ ಮುಗಿಯುವಷ್ಟರಲ್ಲಿ ಸಿಟ್ರೊಯೆನ್ ಯುರೋಪಿನ ಅತಿ ದೊಡ್ಡ ಕಾರು ತಯಾರಕನಾಗಿದ್ದ.

ಈ ಪ್ರಚಾರದ ಒಂದು ಅಧ್ಯಾಯ ಭಾರತದ ನೆಲದಲ್ಲೂ ನಡೆಯಿತು. ಹಿಂದೆ ಚಕ್ರಗಳ ಬದಲು ರಬ್ಬರ್ ಪಟ್ಟಿ ಜೋಡಿಸಿದ ಸಿಟ್ರೊಯೆನ್ ವಾಹನಗಳು ಸಹಾರಾ ಮರುಭೂಮಿಯನ್ನು ಆಗಲೇ ದಾಟಿದ್ದವು. 1931ರ ಏಪ್ರಿಲ್‌ನಲ್ಲಿ ಜಾರ್ಜ್ ಮರಿ ಹಾರ್ಟ್ ಎಂಬಾತನ ನೇತೃತ್ವದ ತಂಡ ಬೇರೂತ್‌ನಿಂದ ಪೀಕಿಂಗ್‌ನತ್ತ ಹೊರಟು ಶ್ರೀನಗರ ತಲುಪಿತು. ಮುಂದೆ ಗಿಲ್ಗಿಟ್‌ನ ದಾರಿ ಹೇಸರಗತ್ತೆಗಳಿಗಷ್ಟೇ ಯೋಗ್ಯ. ಎರಡು ವಾಹನಗಳನ್ನು ಆ ಹಿಮಾಲಯದ ಜಾಡಿನಲ್ಲಿ ನಡೆಸಿದರು. ಹಾದಿ ಕಡಿದ ಕಡೆ ಬಿಡಿಬಿಡಿಯಾಗಿ ಕಳಚಿ ಕೂಲಿಗಳ ಬೆನ್ನಿಗೇರಿಸಿದರು. ಪತ್ರಿಕೆಗಳು ಹೊಗಳಿದ್ದು ಕಾರನ್ನು, ಹೊತ್ತವರನ್ನಲ್ಲ. ತಂಡ 1932ರ ಫೆಬ್ರವರಿಯಲ್ಲಿ ಪೀಕಿಂಗ್ ಸೇರಿತು. ಹಿಂದಿರುಗುವ ದಾರಿಯಲ್ಲಿ ಹಾರ್ಟ್ ನ್ಯುಮೋನಿಯಾದಿಂದ ಹಾಂಗ್‌ಕಾಂಗ್‌ನಲ್ಲಿ ಮೃತಪಟ್ಟ.

ಸಿಟ್ರೊಯೆನ್‌ಗೆ ಜೂಜಿನ ಗೀಳಿತ್ತು. ಡೋವಿಲ್‌ನ ಕ್ಯಾಸಿನೋದಲ್ಲಿ ಆತ ಭಾರಿ ಮೊತ್ತ ಪಣವಿಡುತ್ತಿದ್ದ. ಆದರೆ ಆತನನ್ನು ಮುಳುಗಿಸಿದ್ದು ಇಸ್ಪೀಟಲ್ಲ. ಜಗತ್ತೇ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ 1933ರಲ್ಲಿ, ಸಾಲದ ಹಣದಲ್ಲಿ ಜಾವೆಲ್ ಕಾರ್ಖಾನೆಯನ್ನು ಹೊಸದಾಗಿ ಕಟ್ಟಿಸಿ ಸಾವಿರಾರು ಅತಿಥಿಗಳಿಗೆ ಔತಣ ನೀಡಿದ. ಅದೇ ವೇಳೆಗೆ ಎಂಜಿನಿಯರ್ ಆಂದ್ರೇ ಲೆಫೆಬ್ರ್ ಮತ್ತು ಶಿಲ್ಪಿ ಫ್ಲಾಮಿನಿಯೊ ಬೆರ್ತೋನಿ ಹೊಸ ಕಾರನ್ನು ರೂಪಿಸುತ್ತಿದ್ದರು. ಮುಂಚಕ್ರಗಳ ಚಾಲನೆ, ಚಾಸಿಸ್ ಇಲ್ಲದ ಉಕ್ಕಿನ ಮೈ, ಹೈಡ್ರಾಲಿಕ್ ಬ್ರೇಕ್ ಇವೆಲ್ಲ ಜನಸಾಮಾನ್ಯರ ಕಾರೊಂದರಲ್ಲಿ ಒಟ್ಟಾಗಿ ಬಂದದ್ದು ಆಗಲೇ. ಈಶ್ವರಮಂಗಲದಿಂದ ಪುತ್ತೂರಿಗೆ ಗುಡ್ಡ ಹತ್ತಿಳಿದು ಬರುವ ಹಳೆಯ ಮಾರುತಿ 800 ಕೂಡ ಮೈಕಟ್ಟಿನಲ್ಲಿ, ಎಳೆತದಲ್ಲಿ ಅನುಸರಿಸಿದ್ದು ಇದೇ ಕ್ರಮವನ್ನು.

1934ರ ಏಪ್ರಿಲ್‌ನಲ್ಲಿ ಕಾರು ಮಾರುಕಟ್ಟೆಗೆ ಬಂತು. ಬರುವ ಆತುರ ಹೆಚ್ಚಾಯಿತು. ಯೋಜಿಸಿದ್ದ ಆಟೊಮ್ಯಾಟಿಕ್ ಗಿಯರ್ ಕೆಲಸ ಮಾಡದೆ ಕೊನೆಯ ಗಳಿಗೆಯಲ್ಲಿ ಅದನ್ನು ಬದಲಿಸಬೇಕಾಯಿತು. ಮೊದಲ ಕಾರುಗಳಲ್ಲಿ ಚಕ್ರ ತಿರುಗಿಸುವ ದಂಡಗಳು ಮುರಿದವು, ಮೈ ಬಿರುಕು ಬಿಟ್ಟಿತು. ಸಾಲಗಾರರು ಕಾಯಲು ಸಿದ್ಧರಿರಲಿಲ್ಲ, ಸರ್ಕಾರ ಕೈಹಿಡಿಯಲಿಲ್ಲ. ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ಹೆಚ್ಚಿನ ಬಾಕಿ ಬರಬೇಕಿದ್ದ ಟೈರ್ ತಯಾರಕ ಮಿಶೆಲಿನ್ ಅದನ್ನು ವಹಿಸಿಕೊಂಡಿತು. ಐಫೆಲ್ ಗೋಪುರದ ದೀಪಗಳು ಆರಿದ್ದೂ ಅದೇ ವರ್ಷ.

ಆ ಹೊತ್ತಿಗೆ ಹೊಟ್ಟೆಯ ಕ್ಯಾನ್ಸರ್ ದೇಹವನ್ನು ಹೊಕ್ಕಿತ್ತು. 1935ರ ಜುಲೈ 3ರಂದು ಸಿಟ್ರೊಯೆನ್ ಪ್ಯಾರಿಸಿನಲ್ಲಿ ಕೊನೆಯುಸಿರೆಳೆದಾಗ ವಯಸ್ಸು 57. ಅದೇ ವರ್ಷ, 70 ದಾಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸುವ ಕನಸು ಹೊತ್ತು ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ಅಭ್ಯಾಸ ಮಾಡಲು ಹೊರಟಿದ್ದರು.

ಮಿಶೆಲಿನ್ ದೋಷಗಳನ್ನು ತಿದ್ದಿತು. ಕಾರು ನಿಂತಿತು, ಗೆದ್ದಿತು. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸನ್ನು ಆಕ್ರಮಿಸಿದ ಜರ್ಮನ್ ಅಧಿಕಾರಿಗಳೂ, ಅವರ ವಿರುದ್ಧ ಗುಪ್ತವಾಗಿ ಹೋರಾಡಿದ ಫ್ರೆಂಚರೂ ಇದೇ ಕಾರಿನಲ್ಲಿ ಓಡಾಡಿದರು. 1957ರಲ್ಲಿ ತಯಾರಿಕೆ ನಿಲ್ಲುವವರೆಗೆ ಹೊರಬಂದವು ಸುಮಾರು ಏಳೂವರೆ ಲಕ್ಷ. ಜಾವೆಲ್ ಕಾರ್ಖಾನೆ 1970ರ ದಶಕದಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಆತನ ಹೆಸರಿನದೇ ಉದ್ಯಾನವನವಿದೆ. ಸಿಟ್ರೊಯೆನ್ ಹೆಸರಿನ ಕಾರುಗಳು 2021ರಲ್ಲಿ ಭಾರತದ ಮಾರುಕಟ್ಟೆಗೂ ಬಂದವು, ಅದೇ ಜೋಡಿ ಬಾಣಗಳನ್ನು ಮೂತಿಯ ಮೇಲೆ ಹೊತ್ತು.