ಪಾಟೀಸವಾಲಿಗೆ ಎದ್ದು ನಿಂತರು, ತಲೆ ತಿರುಗಿ ಕೂತರು: ಗಾಂಧಿಯವರನ್ನು ಬಿಡದೆ ಕಾಡಿದ ಸಭಾಕಂಪ

ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ 1891ರಲ್ಲಿ ದೇಶಕ್ಕೆ ಮರಳಿದ್ದ ಆ ಯುವಕನಿಗೆ ಮುಂಬೈಯಲ್ಲಿ ಸಿಕ್ಕಿದ ಮೊದಲ ಕೇಸು ತೀರಾ ಸಣ್ಣದು. ಮಮೀಬಾಯಿ ಎಂಬ ಮಹಿಳೆಯ ಪರವಾಗಿ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ವಾದ ಮಾಡಬೇಕಿತ್ತು. ಫೀಸು 30 ರೂಪಾಯಿ. ಒಂದು ದಿನಕ್ಕಿಂತ ಹೆಚ್ಚು ನಡೆಯುವ ಕೇಸೂ ಅಲ್ಲ. ಕಕ್ಷಿದಾರರನ್ನು ಹಿಡಿದು ತರುವ ದಲ್ಲಾಳಿಗೆ ಕಮಿಷನ್ ಕೊಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳುವಷ್ಟು ಗಟ್ಟಿತನ ಅವರಲ್ಲಿತ್ತು. ಆದರೆ ಸಾಕ್ಷಿಗಳಿಗೆ ಪಾಟೀಸವಾಲು ಹಾಕಲು ಎದ್ದು ನಿಂತಾಗ ಎದೆಯೇ ಕುಸಿಯಿತು. ತಲೆ ಗಿರ್ರೆಂದಿತು, ಇಡೀ ಕೋರ್ಟು ತಿರುಗುತ್ತಿದೆ ಅನ್ನಿಸಿತು. ಕೇಳಲು ಒಂದೇ ಒಂದು ಪ್ರಶ್ನೆ ಹೊಳೆಯಲಿಲ್ಲ. ಕೂತುಬಿಟ್ಟರು. ತನ್ನಿಂದ ಈ ಕೇಸು ನಡೆಸಲಾಗದು, ಪಟೇಲರನ್ನು ಇಟ್ಟುಕೊಳ್ಳಿ ಎಂದು ಹೇಳಿ ಫೀಸು ವಾಪಸ್ ಕೊಟ್ಟರು. ಪಟೇಲರಿಗೆ 51 ರೂಪಾಯಿ ಗೊತ್ತಾಯಿತು. ಕಕ್ಷಿದಾರಳು ಗೆದ್ದಳೋ ಸೋತಳೋ ಎಂದು ತಿಳಿಯಲೂ ನಿಲ್ಲದೆ ಆ ಯುವಕ ಕೋರ್ಟಿನಿಂದ ಹೊರಬಿದ್ದರು.

ಅವರು ಮೋಹನದಾಸ ಕರಮಚಂದ ಗಾಂಧಿ.

ಆ ಮುಂಬೈಯಿಂದ ಖಾಡಿ ದಾಟಿದರೆ ಇಂದಿನ ಐರೋಲಿ. ಠಾಣೆ, ಡೊಂಬಿವಿಲಿ, ಕಲ್ಯಾಣದ ಕಡೆಯಿಂದ ಲೋಕಲ್ ಹಿಡಿದು ಇಲ್ಲಿನ ಐಟಿ ಪಾರ್ಕುಗಳಿಗೆ ಬರುವವರಲ್ಲಿ ಕನ್ನಡದವರೂ ಇದ್ದಾರೆ. ಕೋಟು ಹಾಕಿದ ನ್ಯಾಯಾಧೀಶರ ಬದಲಿಗೆ ಇಲ್ಲಿ ಸ್ಕ್ರೀನಿನ ಮೇಲೆ ಕ್ಲೈಂಟ್ ಇರುತ್ತಾರೆ, ಅಷ್ಟೇ. ಮೈಕ್ ಆನ್ ಮಾಡುವ ಹೊತ್ತಿಗೆ ಬಾಯಿ ಒಣಗುವುದು, ತುಂಬಿದ ಡಬ್ಬಿಯಲ್ಲಿ ನಿಂತಾಗ ಇದ್ದಕ್ಕಿದ್ದಂತೆ ಎದೆ ಡವಡವ ಹೊಡೆದುಕೊಂಡು ಈಗಲೇ ಸತ್ತೇಹೋಗುತ್ತೇನೆ ಅನ್ನಿಸುವುದು, ಇದನ್ನು ಅನುಭವಿಸಿದವರು ಮನೆಯಲ್ಲೂ ಬಾಯಿಬಿಡುವುದು ಕಡಿಮೆ. ಹೆದರುಪುಕ್ಕಲು ಅಂದಾರು ಎಂಬ ನಾಚಿಕೆ. ಅಂಥವರು ಗಾಂಧಿಯವರ ಜೀವನವನ್ನು ಈ ಒಂದು ಎಳೆ ಹಿಡಿದು ಓದಬೇಕು. ಏಕೆಂದರೆ ಅವರು ತಮ್ಮ ಭಯವನ್ನು ಮುಚ್ಚಿಡಲಿಲ್ಲ. ಆತ್ಮಕಥೆಯಲ್ಲಿ ಒಂದೊಂದು ಸೋಲನ್ನೂ ಊರು, ಸಭೆ, ಜನರ ಹೆಸರು ಸಮೇತ ಬರೆದಿಟ್ಟರು.

ದೀಪ ಇಲ್ಲದೆ ನಿದ್ದೆ ಇಲ್ಲ

1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಹುಟ್ಟಿದ ಈ ಹುಡುಗನಿಗೆ ಕಳ್ಳರ ಭಯ, ದೆವ್ವದ ಭಯ, ಹಾವಿನ ಭಯ. ರಾತ್ರಿ ಬಾಗಿಲಾಚೆ ಕಾಲಿಡುತ್ತಿರಲಿಲ್ಲ, ಕೋಣೆಯಲ್ಲಿ ದೀಪ ಉರಿಯದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಮನೆಯ ಕೆಲಸದಾಕೆ ರಂಭಾ, ಭಯವಾದಾಗ ರಾಮನಾಮ ಹೇಳು ಎಂದು ಕಲಿಸಿದರು. ಶಾಲೆಯಲ್ಲಿ ಯಾರೊಂದಿಗೂ ಮಾತಿಲ್ಲ. ಗಂಟೆ ಹೊಡೆದದ್ದೇ ತಡ, ಯಾರಾದರೂ ಗೇಲಿ ಮಾಡಿಯಾರೆಂದು ಮನೆಗೆ ಓಟ.

13ನೇ ವಯಸ್ಸಿಗೆ ಮದುವೆಯಾಯಿತು. ಕಸ್ತೂರಬಾಗೆ ಕತ್ತಲೂ ಭಯವಿಲ್ಲ, ಹಾವೂ ಭಯವಿಲ್ಲ. ಗಂಡನಿಗೆ ಒಳಗೊಳಗೇ ಅವಮಾನ. ತನಗೆ ಕತ್ತಲೆಂದರೆ ಹೆದರಿಕೆ ಎಂದು ಹೆಂಡತಿಗೆ ಹೇಳುವುದಾದರೂ ಹೇಗೆ?

1888ರಲ್ಲಿ ಲಂಡನ್ನಿಗೆ ಹೊರಡುವ ಮುನ್ನ ರಾಜಕೋಟೆಯ ಹೈಸ್ಕೂಲಿನಲ್ಲಿ ಬೀಳ್ಕೊಡುಗೆ ನಡೆಯಿತು. ನಾಲ್ಕು ಸಾಲು ಕೃತಜ್ಞತೆ ಬರೆದುಕೊಂಡು ಹೋಗಿದ್ದರೂ ಓದುವಾಗ ತಡವರಿಸಿದರು, ಮೈಯೆಲ್ಲ ನಡುಗಿತು. ಹಡಗು ಹತ್ತಿದ ಮೇಲೂ ಊಟದ ಮೇಜಿಗೆ ಹೋಗಲು ಸಂಕೋಚ. ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳನ್ನೇ ಕ್ಯಾಬಿನ್ನಿನಲ್ಲಿ ಕೂತು ತಿಂದರು.

ಬರೆದದ್ದನ್ನೂ ಓದಲಾಗಲಿಲ್ಲ

ಲಂಡನ್ನಿನಲ್ಲಿ ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಗೆ ಸೇರಿದರು. ಸಭೆಗಳಿಗೆ ತಪ್ಪದೆ ಹೋಗುತ್ತಿದ್ದರು, ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಡಾ. ಆಲಿನ್ಸನ್ ಎಂಬ ಸದಸ್ಯರನ್ನು ಅವರ ಸಂತಾನ ನಿಯಂತ್ರಣದ ನಿಲುವಿಗಾಗಿ ಸಂಘದಿಂದ ತೆಗೆಯುವ ಪ್ರಸ್ತಾಪ ಬಂದಾಗ ಗಾಂಧಿಯವರಿಗೆ ಅದು ಅನ್ಯಾಯ ಎನಿಸಿತು. ಆಲಿನ್ಸನ್ನರ ನಿಲುವನ್ನು ಅವರು ಒಪ್ಪುತ್ತಿರಲಿಲ್ಲ. ಆದರೆ ಸಸ್ಯಾಹಾರದ ಸಂಘಕ್ಕೂ ಆ ವಿಷಯಕ್ಕೂ ಏನು ಸಂಬಂಧ ಎಂಬುದು ಅವರ ತಕರಾರು. ಬರೆದುಕೊಂಡು ಹೋದರು, ಓದಲು ಧೈರ್ಯ ಬರಲಿಲ್ಲ. ಇನ್ನೊಬ್ಬರಿಂದ ಓದಿಸಲಾಯಿತು. ಆಲಿನ್ಸನ್ ಸೋತರು.

ವೆಂಟ್ನರ್ ಎಂಬ ಕಡಲತೀರದ ಊರಿನ ಸಭೆಯಲ್ಲಿ ಇನ್ನೂ ಕಷ್ಟವಾಯಿತು. ಕೈಯಲ್ಲಿದ್ದದ್ದು ಒಂದೇ ಹಾಳೆ. ಓದಲು ನಿಂತಾಗ ಕಣ್ಣು ಮಂಜಾಯಿತು, ನಡುಕ ಹಿಡಿಯಿತು. ಜೊತೆಗಿದ್ದ ಮಜುಮ್ದಾರ್ ಅದನ್ನು ಓದಿ ಮುಗಿಸಿದರು. ಲಂಡನ್ ಬಿಡುವ ಮುನ್ನ ಗೆಳೆಯರಿಗೆ ತಾವೇ ಕೊಟ್ಟ ಊಟದ ಕೂಟದಲ್ಲಿ ತಮಾಷೆಯ ಮಾತಿನಿಂದ ಆರಂಭಿಸೋಣ ಎಂದು ಸಿದ್ಧರಾಗಿದ್ದರು. ಒಂದು ವಾಕ್ಯದಾಚೆ ನೆನಪೇ ಕೈಕೊಟ್ಟಿತು. ಧನ್ಯವಾದ ಹೇಳಿ ಕೂತರು.

ಇದಾದ ಮೇಲಿನದು ಮಮೀಬಾಯಿ ಕೇಸು. ಅದರ ನಂತರ ಗಾಂಧಿಯವರು ಮಾಡಿದ್ದು, ಇಂಥ ಭಯ ಅನುಭವಿಸಿದ ಹೆಚ್ಚಿನವರು ಮಾಡುವುದನ್ನೇ. ಧೈರ್ಯ ಬರುವ ತನಕ ಕೇಸು ಹಿಡಿಯುವುದಿಲ್ಲ ಎಂದು ನಿರ್ಧರಿಸಿದರು. ದಕ್ಷಿಣ ಆಫ್ರಿಕಾಕ್ಕೆ ಹೋಗುವ ತನಕ ಮತ್ತೆ ಕೋರ್ಟಿನಲ್ಲಿ ವಾದಿಸಲಿಲ್ಲ. ತಿಂಗಳಿಗೆ 75 ರೂಪಾಯಿಯ ಇಂಗ್ಲಿಷ್ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದರು. ಬಿಎ ಆಗಿಲ್ಲವೆಂದು ಅದೂ ಸಿಗಲಿಲ್ಲ. ರಾಜಕೋಟೆಗೆ ಹಿಂತಿರುಗಿ ಅರ್ಜಿ, ಮನವಿ ಬರೆದುಕೊಡುತ್ತ ತಿಂಗಳಿಗೆ ಸುಮಾರು 300 ರೂಪಾಯಿ ದುಡಿಯತೊಡಗಿದರು. ಸಂಪಾದನೆಗೆ ಕೊರತೆ ಇರಲಿಲ್ಲ. ಆದರೆ ಬ್ಯಾರಿಸ್ಟರಿಕೆ ಕಾಗದದ ಮೇಲೆ ಉಳಿಯಿತು.

ದೇಹದಲ್ಲಿ ಆಗುವುದೇನು?

ಗಾಂಧಿಯವರಿಗೆ ಇಂಥದ್ದೇ ಕಾಯಿಲೆ ಇತ್ತೆಂದು ಇಷ್ಟು ವರ್ಷಗಳ ಮೇಲೆ ಹಣೆಪಟ್ಟಿ ಹಚ್ಚುವುದು ಸರಿಯಲ್ಲ. ಅವರು ವಿವರಿಸಿದ್ದು ಜನರೆದುರು ನಿಂತಾಗ ಬರುವ ಭಯ. ಪ್ಯಾನಿಕ್ ಅಟ್ಯಾಕ್ ಯಾವ ಕಾರಣವೂ ಕಾಣದೆ, ಕೆಲವೊಮ್ಮೆ ನಿದ್ದೆಯಲ್ಲೂ ಬಂದೀತು. ಆದರೆ ಎರಡರಲ್ಲೂ ಮೈಯೊಳಗೆ ನಡೆಯುವುದು ಬಹುಮಟ್ಟಿಗೆ ಒಂದೇ. ಎದುರಿಗೆ ಹುಲಿ ಬಂದಂತೆ ಮೆದುಳು ತಪ್ಪು ಎಚ್ಚರಿಕೆ ಕೊಡುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಉಸಿರು ಏರುತ್ತದೆ. ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ ತಲೆ ಸುತ್ತು, ಬೆರಳ ತುದಿಯಲ್ಲಿ ಜುಮುಗುಡುವಿಕೆ ಶುರು. ಅದನ್ನು ಕಂಡು ಇನ್ನಷ್ಟು ಗಾಬರಿ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇದು ತುದಿ ಮುಟ್ಟಿ, ಆಮೇಲೆ ತಾನಾಗಿಯೇ ಇಳಿಯುತ್ತದೆ.

ಹಾಗೆಂದು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವಂತಿಲ್ಲ. ಮೊದಲ ಬಾರಿ ಎದೆನೋವು, ಉಸಿರುಗಟ್ಟುವಿಕೆ ಬಂದರೆ ಡಾಕ್ಟರ ಬಳಿ ಹೋಗಿ ಇಸಿಜಿ ಮಾಡಿಸಲೇಬೇಕು. ಥೈರಾಯ್ಡ್ ಏರುಪೇರಿನಿಂದಲೂ ಇಂಥ ಲಕ್ಷಣ ಕಾಣಬಹುದು. ಹೃದಯ ಸರಿಯಿದೆ ಎಂದು ಖಚಿತವಾದ ಮೇಲೂ ಮತ್ತೆ ಮತ್ತೆ ಬರುತ್ತಿದ್ದರೆ ಮನೋವೈದ್ಯರು ನೋಡಬೇಕಾದ ವಿಷಯ ಅದು.

ತಪ್ಪಿಸಿಕೊಳ್ಳುವುದೇ ಇಲ್ಲಿನ ದೊಡ್ಡ ಬಲೆ. ಲೋಕಲಿನಲ್ಲಿ ಗಾಬರಿಯಾಯಿತು ಎಂದು ಮರುದಿನ ರಿಕ್ಷಾ ಹಿಡಿದರೆ ಅಂದಿಗೆ ನೆಮ್ಮದಿ. ಆದರೆ ರೈಲು ಹತ್ತದ್ದರಿಂದಲೇ ಬದುಕಿದೆ ಎಂದು ಮೆದುಳು ಪಾಠ ಕಲಿಯುತ್ತದೆ, ಮೂರನೇ ದಿನ ಸ್ಟೇಷನ್ನಿನ ಹೆಸರು ಕೇಳಿದರೂ ಎದೆ ಬಡಿಯುತ್ತದೆ. ಅದಕ್ಕೇ ಇಂದಿನ ಚಿಕಿತ್ಸೆಯಲ್ಲಿ ಹೆದರಿದ ಜಾಗಕ್ಕೆ ಸ್ವಲ್ಪ ಸ್ವಲ್ಪವಾಗಿ, ತಯಾರಿಯೊಂದಿಗೆ ಮರಳಿ ಹೋಗುವುದನ್ನು ಕಲಿಸುತ್ತಾರೆ. ಬೇಕಿದ್ದರೆ ಔಷಧಿಯೂ ಉಂಟು.

ಪ್ರಿಟೋರಿಯಾದಲ್ಲಿ ಬಾಯಿ ಬಿಚ್ಚಿದ್ದು

1893ರಲ್ಲಿ ದಾದಾ ಅಬ್ದುಲ್ಲಾ ಕಂಪನಿಯ ಕೇಸಿಗೆ ನೆರವಾಗಲು ಗಾಂಧಿಯವರು ದಕ್ಷಿಣ ಆಫ್ರಿಕಾಕ್ಕೆ ಹೋದರು. ರೈಲಿನಿಂದ ಹೊರದಬ್ಬಿಸಿಕೊಂಡ ಕಥೆ ಎಲ್ಲರಿಗೂ ಗೊತ್ತು. ಅದಾಗಿ ಸ್ವಲ್ಪ ದಿನಕ್ಕೆ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರನ್ನು ಸೇರಿಸಿ ಮಾತಾಡಿದರು. ಅದೇ ತಮ್ಮ ಬದುಕಿನ ಮೊದಲ ಭಾಷಣ ಎಂದು ಅವರು ಲೆಕ್ಕ ಹಾಕುತ್ತಾರೆ. ಪರಿಚಿತರೊಬ್ಬರ ಮನೆ, ತಮ್ಮದೇ ದೇಶದ ವ್ಯಾಪಾರಿಗಳು, ವ್ಯಾಪಾರದಲ್ಲಿ ಸತ್ಯ ಪಾಲಿಸುವ ಬಗ್ಗೆ ಮೊದಲೇ ಸಿದ್ಧಪಡಿಸಿಕೊಂಡ ಮಾತು. ಮುಖ್ಯವಾಗಿ, ಅಲ್ಲಿ ಹೇಳಲೇಬೇಕಾದ ಸಂಗತಿ ಇತ್ತು. ತಾನು ಹೇಗೆ ಕಾಣುತ್ತೇನೆ ಎಂಬುದರಿಂದ ಗಮನ ಕೇಳುವವರ ಕಷ್ಟದ ಕಡೆ ಹೊರಳಿತ್ತು.

ಸಿನಿಮಾ ಆಗಿದ್ದರೆ ಭಯ ಇಲ್ಲಿಗೆ ಮಾಯವಾಗುತ್ತಿತ್ತು. ಹಾಗಾಗಲಿಲ್ಲ.

ಮೂರು ವರ್ಷ ಕಳೆದು, 1896ರ ಸೆಪ್ಟೆಂಬರಿನಲ್ಲಿ ಗಾಂಧಿಯವರು ಮತ್ತೆ ಮುಂಬೈಯಲ್ಲಿದ್ದರು. ದಕ್ಷಿಣ ಆಫ್ರಿಕಾದ ಭಾರತೀಯರ ಗೋಳನ್ನು ಹೇಳಲು ಸಭಾಂಗಣವೊಂದರಲ್ಲಿ ಸಭೆ. ಜನ ಕಿಕ್ಕಿರಿದಿದ್ದರು. ಫಿರೋಜ್‌ಶಾ ಮೆಹ್ತಾ ಅವರ ಸೂಚನೆಯಂತೆ ಭಾಷಣ ಬರೆದು ಅಚ್ಚು ಹಾಕಿಸಲಾಗಿತ್ತು. ಓದಲು ಶುರು ಮಾಡಿದಾಗ ಅದೇ ನಡುಕ. ಪಕ್ಕದಲ್ಲಿದ್ದ ಮೆಹ್ತಾ ಒಳ್ಳೆಯ ಮನಸ್ಸಿನಿಂದಲೇ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಎಂದು ಹುರಿದುಂಬಿಸುತ್ತಿದ್ದರು. ಅವರು ಹುರಿದುಂಬಿಸಿದಷ್ಟೂ ಗಾಂಧಿಯವರ ದನಿ ಕೆಳಗಿಳಿಯಿತು. ಹಳೆಯ ಸ್ನೇಹಿತ ಕೇಶವರಾವ್ ದೇಶಪಾಂಡೆ ಹಾಳೆ ತೆಗೆದುಕೊಂಡರು. ಆದರೆ ಸಭಿಕರು ವಾಚಾ ಅವರೇ ಓದಬೇಕೆಂದು ಕೂಗಿದರು. ದಿನ್‌ಶಾ ವಾಚಾ ಎದ್ದು ಓದಿದಾಗ ಸಭೆ ತದೇಕಚಿತ್ತದಿಂದ ಕೇಳಿತು.

ಗಾಬರಿಗೊಂಡವರ ಪಕ್ಕದಲ್ಲಿರುವವರು ಗಮನಿಸಬೇಕಾದದ್ದು ಮೆಹ್ತಾ ಅವರ ಕಡೆಯ ಈ ಕಥೆಯನ್ನು. ಧೈರ್ಯ ತಂದುಕೋ, ಏನೂ ಆಗಿಲ್ಲ, ಸುಮ್ಮನೆ ನಾಟಕ ಎಂಬ ಮಾತುಗಳಿಂದ ಅಡ್ರಿನಲಿನ್ ಇಳಿಯುವುದಿಲ್ಲ. ಪಕ್ಕದಲ್ಲಿ ಕೂತು, ಇದು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ ಎಂದು ಮೆಲ್ಲಗೆ ಹೇಳಿ, ಉಸಿರನ್ನು ನಿಧಾನವಾಗಿ ಹೊರಬಿಡಲು ಜೊತೆಗೂಡಿದರೆ ಉಪಯೋಗವಿದೆ. ದೇಶಪಾಂಡೆ ಮಾಡಿದಂತೆ ಕೈಯಲ್ಲಿನ ಹಾಳೆ ತೆಗೆದುಕೊಳ್ಳುವುದೂ ಆ ಹೊತ್ತಿಗೆ ದೊಡ್ಡ ನೆರವೇ.

ಈ ಬಾರಿ ಗಾಂಧಿಯವರಲ್ಲಿ ಒಂದು ಬದಲಾವಣೆ ಇತ್ತು. ಮಮೀಬಾಯಿ ಕೇಸಿನ ನಂತರ ಕೋರ್ಟಿನಿಂದಲೇ ದೂರ ಉಳಿದಿದ್ದವರು, ಈ ಸಭೆಯ ನಂತರ ಪುಣೆಗೆ ಹೋದರು, ಮದರಾಸಿಗೆ ಹೋದರು, ಕೆಲಸ ಮುಂದುವರಿಸಿದರು. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲೂ ಮಾತಾಡಲು ಎದ್ದಾಗ ನಡುಗಿದರು. ಮುಗಿಸಲು ಎರಡು ನಿಮಿಷ ಇದೆ ಎಂದು ಎಚ್ಚರಿಸುವ ಗಂಟೆಯನ್ನೇ ತಪ್ಪು ತಿಳಿದು ಕೂತುಬಿಟ್ಟರು. ನೋವಾಯಿತು. ಆದರೂ ನಿರ್ಣಯ ಅಂಗೀಕಾರವಾಯಿತಲ್ಲ ಎಂದು ಸಮಾಧಾನಪಟ್ಟುಕೊಂಡರು.

ಬೆಳಗಾವಿ, ನಂದಿಬೆಟ್ಟ

ಅದೇ ಮನುಷ್ಯ 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಪೀಠದಲ್ಲಿ ಕೂತರು. ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಮರುವರ್ಷದಿಂದ ಆತ್ಮಕಥೆ ಕಂತುಕಂತಾಗಿ ಬರತೊಡಗಿತು. ಅಪರಿಚಿತ ಸಭಿಕರ ಎದುರು ಈಗಲೂ ಹಿಂಜರಿಕೆ ಇದೆ, ಸಂಕೋಚ ಪೂರ್ತಿ ಹೋಗಿಲ್ಲ ಎಂದು ದೇಶವೇ ಕಿವಿಗೊಟ್ಟು ಕೇಳುತ್ತಿದ್ದ ಆ ಹೊತ್ತಿನಲ್ಲಿ ಅವರು ಬರೆದರು. ಮಾತಿಗೆ ತಡಕಾಡಿದ್ದರಿಂದಲೇ ಅಳೆದು ಮಾತಾಡುವುದನ್ನು ಕಲಿತೆ ಎಂದೂ ಸೇರಿಸಿದರು. ಇದು ಅವರ ಪಾಲಿಗೆ ನಿಜವಿರಬಹುದು. ನಿದ್ದೆಗೆಟ್ಟು ಕೆಲಸಕ್ಕೆ ಹೋಗಲಾಗದೆ ಒದ್ದಾಡುವವರಿಗೆ ನಿಮ್ಮ ಭಯವೂ ವರವೇ ಎಂದು ಹೇಳಲು ಇದನ್ನು ಬಳಸುವುದು ಕ್ರೌರ್ಯ.

1927ರ ಮಾರ್ಚ್ ಕೊನೆಗೆ ಕೊಲ್ಲಾಪುರ, ನಿಪ್ಪಾಣಿ ಕಡೆಯ ಪ್ರವಾಸದಲ್ಲಿ ಅವರ ಆರೋಗ್ಯ ಕುಸಿಯಿತು. ಅತಿಯಾದ ದುಡಿಮೆ, ರಕ್ತದೊತ್ತಡ ಏರಿತ್ತು. ಇದು ಸಭಾಕಂಪವಲ್ಲ, ದೇಹದ ದಣಿವು. ಪ್ರವಾಸ ನಿಲ್ಲಿಸಿ ವೈದ್ಯರ ಮಾತು ಕೇಳಿದರು. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ನಂದಿಬೆಟ್ಟದಲ್ಲಿ, ಆಮೇಲೆ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ವಿಶ್ರಾಂತಿ ಪಡೆದರು. ವಾರಕ್ಕೊಂದು ದಿನ, ಸೋಮವಾರ, ಮೌನ ಇರುವುದನ್ನು ಆ ವೇಳೆಗಾಗಲೇ ರೂಢಿಸಿಕೊಂಡಿದ್ದರು.

ರಂಭಾ ಕಲಿಸಿದ ರಾಮನಾಮ ಗಾಂಧಿಯವರ ಜೊತೆ ಕೊನೆಯವರೆಗೂ ಇತ್ತು. ಅದು ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ಉಸಿರಿನ ಅಭ್ಯಾಸ, ಕೆಲವರಿಗೆ ನಡಿಗೆ, ಕೆಲವರಿಗೆ ಡಾಕ್ಟರರ ಚೀಟಿ. ಯಾರನ್ನು ಕೇಳಬೇಕೆಂದು ತಿಳಿಯದವರು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು. ಠಾಣೆಯಲ್ಲಿ ಬ್ರಿಟಿಷರ ಕಾಲದಿಂದಲೂ ನಡೆದುಬಂದ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಇದೆ.

1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಗಾಂಧಿಯವರು ಮತ್ತೆ ಲಂಡನ್ನಿಗೆ ಬಂದರು, ಊಟದ ಕೂಟದಲ್ಲಿ ಮಾತು ಮರೆತು ಕೂತ 40 ವರ್ಷಗಳ ನಂತರ. ಸೆಪ್ಟೆಂಬರ್ 14ರಂದು ಅವರು ಸಭೆಯಲ್ಲಿ ಕೂತಿದ್ದರು, ಮಾತಾಡಲಿಲ್ಲ. ಅಂದು ಸೋಮವಾರ, ಮೌನದ ದಿನ. ಮರುದಿನ ಮಾತಾಡಿದರು.