ಸರ್ ಲುಡ್ವಿಗ್ ಗುಟ್‌ಮನ್ (1899–1980): ವಿಕಲಚೇತನರ ಕ್ರೀಡಾ ತರಬೇತಿಯ ಪ್ರವರ್ತಕರು

ವಿಕಲಚೇತನರಿಗೆ ಕ್ರೀಡಾ ತರಬೇತಿಯು ಚಿಕಿತ್ಸೆಯ ಅಂಗವೇ ಆಗಿದೆ ಎಂಬುದನ್ನು ಕಾರ್ಯತಃ ತೋರಿಸಿಕೊಟ್ಟವರಲ್ಲಿ ಸರ್ ಲುಡ್ವಿಗ್ ಗುಟ್‌ಮನ್‌ರವರು ಅಗ್ರಗಣ್ಯರು. ಇವರು 1899ರ ಜುಲೈ 3ರಂದು, ಅಂದು ಜರ್ಮನಿಗೆ ಸೇರಿದ್ದು ಇಂದು ಪೋಲೆಂಡ್‌ನಲ್ಲಿರುವ ಟೋಸ್ಟ್ ಎಂಬ ಊರಿನಲ್ಲಿ, ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. 1917ರಲ್ಲಿ ಆಸ್ಪತ್ರೆಯೊಂದರಲ್ಲಿ ಸ್ವಯಂಸೇವಕರಾಗಿದ್ದಾಗ, ಬೆನ್ನುಮೂಳೆ ಮುರಿದುಕೊಂಡು ಬಂದ ಯುವ ಗಣಿಕಾರ್ಮಿಕನೊಬ್ಬನು ಕೆಲವೇ ವಾರಗಳಲ್ಲಿ ಮೃತಪಟ್ಟುದನ್ನು ಕಂಡರು. ಅಂದಿನ ದಿನಗಳಲ್ಲಿ ಇಂತಹ ರೋಗಿಗಳ ಬಗ್ಗೆ ವೈದ್ಯರು ಆಸೆಯನ್ನೇ ಇಟ್ಟುಕೊಳ್ಳುತ್ತಿರಲಿಲ್ಲ.

ವೈದ್ಯಕೀಯ ಪದವಿಯ ನಂತರ ಬ್ರೆಸ್ಲಾವ್ ನಗರದಲ್ಲಿ ನರರೋಗ ತಜ್ಞರಾಗಿ ಹೆಸರು ಗಳಿಸಿದ ಗುಟ್‌ಮನ್‌ರವರು, 1933ರಲ್ಲಿ ನಾಜಿ ಆಡಳಿತದ ಕಾನೂನಿನಿಂದಾಗಿ ಹುದ್ದೆಯನ್ನು ಕಳೆದುಕೊಂಡು ಅಲ್ಲಿನ ಯಹೂದಿ ಆಸ್ಪತ್ರೆಯನ್ನು ಸೇರಿದರು. 1938ರ ನವೆಂಬರ್ 9ರ ರಾತ್ರಿ ಯಹೂದಿಯರ ಮೇಲೆ ದಾಳಿ ನಡೆದಾಗ, ಆಶ್ರಯ ಕೋರಿ ಬಂದವರೆಲ್ಲರನ್ನೂ ಪ್ರಶ್ನಿಸದೆ ದಾಖಲಿಸಿಕೊಳ್ಳುವಂತೆ ಸಿಬ್ಬಂದಿಗೆ ಆದೇಶಿಸಿದರು. ಹೀಗೆ ದಾಖಲಾದ 64 ಮಂದಿಯಲ್ಲಿ 60 ಮಂದಿ ಬಂಧನದಿಂದ ಪಾರಾದರು. 1939ರಲ್ಲಿ ಅವರು ಕುಟುಂಬ ಸಮೇತ ಇಂಗ್ಲೆಂಡಿಗೆ ವಲಸೆ ಬಂದರು.

ಬ್ರಿಟಿಷ್ ಸರ್ಕಾರದ ಕೋರಿಕೆಯ ಮೇರೆಗೆ 1944ರ ಫೆಬ್ರವರಿ 1ರಂದು ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಚಿಕಿತ್ಸಾ ಕೇಂದ್ರವನ್ನು ಆರಂಭಿಸಲಾಯಿತು. ಯುದ್ಧದಲ್ಲಿ ಗಾಯಗೊಂಡ ಯೋಧರು ಅಲ್ಲಿಗೆ ಬರತೊಡಗಿದರು. ಅವರ ಪ್ರಾಣಕ್ಕೆ ಕುತ್ತಾಗಿದ್ದುದು ಪೆಟ್ಟಿಗಿಂತಲೂ ಹೆಚ್ಚಾಗಿ ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ಪ್ರತಿ ಎರಡು ಗಂಟೆಗೊಮ್ಮೆ, ಹಗಲಿರುಳೆನ್ನದೆ, ರೋಗಿಯನ್ನು ಮಗ್ಗುಲು ಬದಲಾಯಿಸಬೇಕೆಂಬ ನಿಯಮವನ್ನು ಗುಟ್‌ಮನ್‌ರವರು ಕಟ್ಟುನಿಟ್ಟಾಗಿ ಜಾರಿಗೊಳಿಸಿದರು. ನಡುರಾತ್ರಿ ತಾವೇ ವಾರ್ಡಿಗೆ ಬಂದು ಪರಿಶೀಲಿಸುತ್ತಿದ್ದುದೂ ಉಂಟು.

ಬದುಕುಳಿದವರು ಹಾಸಿಗೆಯಲ್ಲೇ ಕಾಲ ಕಳೆಯುವುದು ಅವರಿಗೆ ಸಮ್ಮತವಿರಲಿಲ್ಲ. ಇಲ್ಲಿಯೇ ತರಬೇತುದಾರರ ಪಾತ್ರವು ಮುನ್ನೆಲೆಗೆ ಬಂದಿತು. ಗಾಲಿಕುರ್ಚಿಯಲ್ಲಿದ್ದ ರೋಗಿಗಳು ಊರುಗೋಲುಗಳಿಂದ ಬಿಲ್ಲೆಯೊಂದನ್ನು ಹೊಡೆಯುತ್ತಾ ಆಡುವುದನ್ನು ಗಮನಿಸಿದ ಗುಟ್‌ಮನ್‌ರವರು, ಸೇನೆಯ ದೈಹಿಕ ಶಿಕ್ಷಕ ಹಿಲ್‌ರವರೊಡನೆ ತಾವೂ ಗಾಲಿಕುರ್ಚಿಯಲ್ಲಿ ಕುಳಿತು ಆ ಆಟವನ್ನು ಆಡಿ ನೋಡಿದರು. ಕಲಿಸುವವನು ಮೊದಲು ಕಲಿಯುವವನ ಆಸನದಲ್ಲಿ ಕುಳಿತ ಈ ಪ್ರಸಂಗವು ಚಿಕ್ಕದಾದರೂ ಗಮನಾರ್ಹವಾದುದು. ಗಾಲಿಕುರ್ಚಿ ಪೋಲೋ ಅಪಾಯಕಾರಿಯೆಂದು ಕಂಡುಬಂದುದರಿಂದ ಅದನ್ನು ಕೈಬಿಟ್ಟು, ಮುಂದೆ ಬಾಸ್ಕೆಟ್‌ಬಾಲ್ ಮುಂತಾದ ಆಟಗಳನ್ನು ರೂಢಿಗೆ ತರಲಾಯಿತು. ಬಿಲ್ಲುಗಾರಿಕೆಗೆ ವಿಶೇಷ ಸ್ಥಾನ ದೊರೆಯಿತು. ಬಿಲ್ಲನ್ನು ಎಳೆಯುವಾಗ ತೋಳು, ಭುಜ ಮತ್ತು ಬೆನ್ನಿನ ಸ್ನಾಯುಗಳು ಬಲಗೊಳ್ಳುತ್ತವೆ. ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲದವರು ಕುಳಿತಲ್ಲಿ ಸಮತೋಲನ ಕಾಯ್ದುಕೊಳ್ಳುವುದನ್ನು ಕಲಿಯುತ್ತಾರೆ. ಅಲ್ಲದೆ, ನಡೆಯಬಲ್ಲವರೊಡನೆ ಸರಿಸಮಾನವಾಗಿ ಸ್ಪರ್ಧಿಸಲು ಈ ಕ್ರೀಡೆಯಲ್ಲಿ ಅವಕಾಶವಿದೆ.

1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಬಿಲ್ಲುಗಾರಿಕೆ ಸ್ಪರ್ಧೆಯನ್ನು ಏರ್ಪಡಿಸಲಾಯಿತು. ಭಾಗವಹಿಸಿದವರು 14 ಪುರುಷರು ಮತ್ತು ಇಬ್ಬರು ಮಹಿಳೆಯರು ಮಾತ್ರ. 1952ರಲ್ಲಿ ನೆದರ್‌ಲ್ಯಾಂಡ್ಸ್ ತಂಡದ ಆಗಮನದಿಂದ ಕೂಟವು ಅಂತರರಾಷ್ಟ್ರೀಯ ಸ್ವರೂಪ ಪಡೆಯಿತು. 1960ರಲ್ಲಿ ರೋಮ್‌ನಲ್ಲಿ 23 ದೇಶಗಳ ಸುಮಾರು 400 ಕ್ರೀಡಾಪಟುಗಳು ಸೇರಿದ ಕೂಟವನ್ನು ಪ್ರಥಮ ಪ್ಯಾರಾಲಿಂಪಿಕ್ಸ್ ಎಂದು ಪರಿಗಣಿಸಲಾಗಿದೆ. ಅಲ್ಲಿನ ವಸತಿ ಕಟ್ಟಡಗಳಿಗೆ ಮೆಟ್ಟಿಲುಗಳಿದ್ದ ಕಾರಣ ಸ್ಪರ್ಧಿಗಳನ್ನು ಸೈನಿಕರು ಎತ್ತಿಕೊಂಡು ಹೋಗಬೇಕಾಯಿತು. 1966ರಲ್ಲಿ ಗುಟ್‌ಮನ್‌ರವರಿಗೆ ಸರ್ ಪದವಿಯನ್ನು ನೀಡಿ ಗೌರವಿಸಲಾಯಿತು.

1972ರ ಹೈಡೆಲ್‌ಬರ್ಗ್ ಕೂಟದಲ್ಲಿ, 1965ರ ಯುದ್ಧದಲ್ಲಿ ಗಾಯಗೊಂಡಿದ್ದ ಭಾರತೀಯ ಯೋಧ ಮುರಳೀಕಾಂತ್ ಪೇಟ್ಕರ್‌ರವರು 50 ಮೀಟರ್ ಈಜಿನಲ್ಲಿ ಚಿನ್ನದ ಪದಕ ಗಳಿಸಿದರು. ಆದರೆ ಆ ವರೆಗೂ ಕೂಟವು ಬಹುತೇಕ ಬೆನ್ನುಹುರಿಗೆ ಪೆಟ್ಟಾದವರಿಗೇ ಮೀಸಲಾಗಿತ್ತೆಂಬುದು ಅದರ ಒಂದು ಮಿತಿಯೇ ಸರಿ. ಅಂಗಚ್ಛೇದಕ್ಕೊಳಗಾದವರಿಗೂ ದೃಷ್ಟಿದೋಷವುಳ್ಳವರಿಗೂ ಪ್ರವೇಶ ದೊರೆತುದು 1976ರ ಟೊರಾಂಟೊ ಕೂಟದಲ್ಲಿ. ಗುಟ್‌ಮನ್‌ರವರು 1980ರ ಮಾರ್ಚ್ 18ರಂದು ನಿಧನರಾದರು. ತರುವಾಯದ ವರ್ಷಗಳಲ್ಲಿ ಇತರ ಬಗೆಯ ವೈಕಲ್ಯವುಳ್ಳವರಿಗೂ ಕೂಟವು ತೆರೆದುಕೊಂಡಿತು. 2012ರಲ್ಲಿ ಲಂಡನ್‌ನಲ್ಲಿ ಜರುಗಿದ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶರವರು ಬೆಳ್ಳಿ ಪದಕ ಪಡೆದರು.